ಎರಡನೇ ಸ್ಕ್ರೀನ್ ಇರುವುದು ಗುಟ್ಟು ಮುಚ್ಚಿಡೋಕೆ

ಸೋನಿ 2023ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ ಪೋರ್ಟಲ್ ಬಿಡುಗಡೆ ಮಾಡಿದಾಗ, ಇದನ್ನು ಯಾರು ಕೊಳ್ಳುತ್ತಾರೆ ಅಂತ ಕೇಳಿದವರೇ ಜಾಸ್ತಿ. ಎಂಟು ಇಂಚಿನ ಸ್ಕ್ರೀನ್, ಅದರ ಎರಡೂ ಪಕ್ಕಕ್ಕೆ ಪಿಎಸ್5 (ಟಿವಿಗೆ ಜೋಡಿಸಿ ಆಡುವ ಸೋನಿಯ ಗೇಮ್ ಕನ್ಸೋಲ್) ಕಂಟ್ರೋಲರ್‌ನ ಅರ್ಧರ್ಧ ಭಾಗ, ಬೆಲೆ 199.99 ಡಾಲರ್. ಆಟ ಅದರೊಳಗೆ ಓಡುವುದಿಲ್ಲ. ಮನೆಯಲ್ಲಿರುವ ಪಿಎಸ್5 ಆಟವನ್ನು ಓಡಿಸುತ್ತದೆ, ಅದರ ಚಿತ್ರ ವೈಫೈ ಮೂಲಕ ನಮ್ಮ ಕೈಗೆ ಬರುತ್ತದೆ, ನಾವು ಒತ್ತಿದ ಬಟನ್ನಿನ ಸುದ್ದಿ ವಾಪಸ್ ಹೋಗುತ್ತದೆ. ಬಂದ ಹೊಸತರಲ್ಲಿ ಅದರ ಕೆಲಸ ಇಷ್ಟೇ ಇತ್ತು. ಆದರೂ ಜನ ಕೊಂಡರು. 2024ರಲ್ಲಿ ಅದು ಭಾರತಕ್ಕೂ ಬಂತು. 2025ರ ಜೂನ್ 5ಕ್ಕೆ ನಿಂಟೆಂಡೊ ಕಂಪನಿಯ ಕೈಯಂತ್ರ ಸ್ವಿಚ್ 2 ಬಂದಾಗ ಅದರಲ್ಲಿ ಗೇಮ್‌ಶೇರ್ ಅನ್ನುವ ಸೌಲಭ್ಯ ಇತ್ತು. ಒಬ್ಬರ ಸ್ವಿಚ್ 2ರಲ್ಲಿ ಆಟ ಓಡುತ್ತದೆ, ಪಕ್ಕದಲ್ಲಿ ಕೂತವರ ಯಂತ್ರಕ್ಕೆ, ಅದು ಹಳೇ ಸ್ವಿಚ್ ಆದರೂ ಸರಿ, ಚಿತ್ರ ಹೋಗುತ್ತದೆ. ಪಿಸಿ ಆಟಗಳ ಕೈಯಂತ್ರವಾದ ಸ್ಟೀಮ್ ಡೆಕ್ ಇರುವವರು ಪಿಸಿಯಲ್ಲಿ ಆಟ ಓಡಿಸಿ ಡೆಕ್‌ನಲ್ಲಿ ಆಡುವುದೂ ಈಗ ಮಾಮೂಲು.

ಕೈಯಲ್ಲಿ ಹಿಡಿಯುವ ಗೇಮ್ ಯಂತ್ರವನ್ನು ದೊಡ್ಡ ಕನ್ಸೋಲ್‌ಗೆ ಕಂಟ್ರೋಲರ್ ಮಾಡಿಕೊಳ್ಳುವ ಆಸೆ ಮತ್ತೆ ಚಿಗುರಿದೆ ಅನ್ನೋದು ಸ್ಪಷ್ಟ. ನನಗೆ ಇದರಲ್ಲಿ ಖುಷಿಯೂ ಇದೆ, ಒಂದು ಕೊರಗೂ ಇದೆ. ಪೋರ್ಟಲ್‌ನಲ್ಲಿ ಕಾಣುವುದು ಟಿವಿಯಲ್ಲಿ ಕಾಣಬೇಕಿದ್ದ ಅದೇ ಚಿತ್ರ. ಹಾಲ್‌ನಲ್ಲಿ ಮನೆಯವರು ಧಾರಾವಾಹಿ ನೋಡುತ್ತಿರುವಾಗ ರೂಮಿನಲ್ಲಿ ಕೂತು ಆಡಬಹುದು. ಅದು ನಿಜಕ್ಕೂ ಉಪಯೋಗದ ಸಂಗತಿ. ಆದರೆ ಅದು ಎರಡನೇ ಸ್ಕ್ರೀನ್ ಅಲ್ಲ. ಮೊದಲನೇ ಸ್ಕ್ರೀನನ್ನೇ ಎತ್ತಿಕೊಂಡು ಬೇರೆ ಕಡೆ ಹೋದ ಹಾಗಾಯಿತು ಅಷ್ಟೇ. ಟಿವಿಯಲ್ಲಿ ಒಂದು, ಕೈಯಲ್ಲಿ ಇನ್ನೊಂದು ಕಾಣಿಸಿದಾಗ ಮಾತ್ರ ಎರಡು ಸ್ಕ್ರೀನ್‌ಗೆ ಅರ್ಥ ಬರುತ್ತದೆ. ಈ ಕೆಲಸವನ್ನು ಇಪ್ಪತ್ತು ವರ್ಷಗಳ ಹಿಂದೆಯೇ ಒಂದು ಕೇಬಲ್‌ನಲ್ಲಿ ಮಾಡಿ ತೋರಿಸಿದ್ದರು.

2003ರಲ್ಲಿ ಬಂದ ಪ್ಯಾಕ್-ಮ್ಯಾನ್ ವರ್ಸಸ್ ಆಟವನ್ನೇ ನೋಡಿ. ರೂಪಿಸಿದ್ದು ನಿಂಟೆಂಡೊದ ಶಿಗೆರು ಮಿಯಾಮೊಟೊ, ಪ್ರಕಟಿಸಿದ್ದು ನ್ಯಾಮ್ಕೊ. ನಾಲ್ಕು ಜನ ಒಂದೇ ಟಿವಿ ಮುಂದೆ ಕೂರುತ್ತಾರೆ. ಟಿವಿಗೆ ಜೋಡಿಸಿದ್ದು ನಿಂಟೆಂಡೊದ ಗೇಮ್‌ಕ್ಯೂಬ್ ಕನ್ಸೋಲ್. ಒಬ್ಬನ ಕೈಯಲ್ಲಿ ಅದಕ್ಕೆ ಕೇಬಲ್ ಹಾಕಿ ಜೋಡಿಸಿದ ನಿಂಟೆಂಡೊದ ಕೈಯಂತ್ರ ಗೇಮ್‌ಬಾಯ್ ಅಡ್ವಾನ್ಸ್, ಉಳಿದ ಮೂವರ ಕೈಯಲ್ಲಿ ಮಾಮೂಲಿ ಗೇಮ್‌ಕ್ಯೂಬ್ ಕಂಟ್ರೋಲರ್. ಗೇಮ್‌ಬಾಯ್ ಹಿಡಿದವನು ಪ್ಯಾಕ್-ಮ್ಯಾನ್. ಅವನ ಪುಟ್ಟ ಸ್ಕ್ರೀನಿನಲ್ಲಿ ಇಡೀ ಚಕ್ರವ್ಯೂಹ ಕಾಣುತ್ತದೆ, ಭೂತಗಳು ಎಲ್ಲೆಲ್ಲಿವೆ ಅಂತಲೂ ಕಾಣುತ್ತದೆ. ಮೂವರು ಭೂತಗಳಿಗೆ ಟಿವಿಯಲ್ಲಿ ತಮ್ಮ ಸುತ್ತಲಿನ ಸ್ವಲ್ಪ ಜಾಗ ಮಾತ್ರ. ಹಣ್ಣು ತಿಂದ ಭೂತಕ್ಕೆ ಸ್ವಲ್ಪ ಜಾಸ್ತಿ ದೂರ ಕಾಣುತ್ತದೆ. ಹಾಗಾಗಿ ಭೂತಗಳು ಕೂಗಾಡಲೇಬೇಕು: ಎಡಕ್ಕೆ ಹೋದ, ನಿನ್ನ ಕಡೆ ಬರ್ತಿದಾನೆ, ಅಡ್ಡ ಹಾಕು. ಪ್ಯಾಕ್-ಮ್ಯಾನ್ ಆದವನು ಆ ಕೂಗಾಟವನ್ನೆಲ್ಲ ಕೇಳಿಸಿಕೊಂಡು ತೆಪ್ಪಗೆ ಬೇರೆ ದಾರಿ ಹಿಡಿಯುತ್ತಾನೆ. ಯಾವ ಭೂತ ಅವನನ್ನು ಹಿಡಿಯುತ್ತದೋ ಆ ಆಟಗಾರನ ಕೈಗೆ ಗೇಮ್‌ಬಾಯ್ ಹೋಗುತ್ತದೆ. ಕಂಟ್ರೋಲರ್ ಕೈ ಬದಲಾಗುವುದೇ ಆಟದ ನಿಯಮ!

ಇಸ್ಪೀಟು ಆಡುವಾಗ ಎಲೆಗಳನ್ನು ಬೇರೆಯವರಿಗೆ ಕಾಣದ ಹಾಗೆ ಎದೆಗೆ ಒತ್ತಿ ಹಿಡಿಯುತ್ತೇವಲ್ಲ, ಗೇಮ್‌ಬಾಯ್ ಇಲ್ಲಿ ಮಾಡಿದ್ದು ಅದೇ ಕೆಲಸ. ಒಂದೇ ಟಿವಿ ಇದ್ದಾಗ ಇದು ಸಾಧ್ಯವೇ ಇಲ್ಲ. ಸ್ಕ್ರೀನನ್ನು ನಾಲ್ಕು ಭಾಗ ಮಾಡಿದರೂ ಪಕ್ಕದವನ ಭಾಗಕ್ಕೆ ಕಣ್ಣು ಹೋಗಿಯೇ ಹೋಗುತ್ತದೆ. ಇಂಟರ್‌ನೆಟ್‌ನಲ್ಲಿ ಆಡಿದರೆ ಗುಟ್ಟು ಉಳಿಯುತ್ತದೆ, ಆದರೆ ಎದುರಾಳಿಯ ಮುಖ ಕಾಣುವುದಿಲ್ಲ. ಒಂದೇ ಕೋಣೆಯಲ್ಲಿ ಕೂತೂ ಗುಟ್ಟು ಉಳಿಯಬೇಕಾದರೆ ಕೈಯಲ್ಲೊಂದು ಸ್ಕ್ರೀನ್ ಬೇಕೇ ಬೇಕು.

ಆ ಕೇಬಲ್ ಕೆಲಸ ಮಾಡುತ್ತಿದ್ದ ರೀತಿ ಗಮನಿಸುವಂಥದ್ದು. ಒಂದು ತುದಿ ಗೇಮ್‌ಕ್ಯೂಬ್‌ನ ಕಂಟ್ರೋಲರ್ ಪೋರ್ಟಿಗೆ, ಇನ್ನೊಂದು ತುದಿ ಗೇಮ್‌ಬಾಯ್‌ನ ಲಿಂಕ್ ಪೋರ್ಟಿಗೆ. ಗೇಮ್‌ಬಾಯ್‌ನಲ್ಲಿ ಕಾರ್ಟ್ರಿಡ್ಜ್ ಹಾಕಬೇಕಾಗಿಲ್ಲ. ಗೇಮ್‌ಕ್ಯೂಬ್ ಒಂದು ಪುಟ್ಟ ಪ್ರೋಗ್ರಾಮನ್ನು ಕೇಬಲ್ ಮೂಲಕ ಕಳಿಸುತ್ತಿತ್ತು. ಅದು ಗೇಮ್‌ಬಾಯ್‌ನ 256 ಕೆಬಿ ಮೆಮೊರಿಯಲ್ಲಿ ಕೂತು ಅಲ್ಲಿಂದಲೇ ಓಡುತ್ತಿತ್ತು. ಅಲ್ಲಿಂದಾಚೆಗೆ ಎರಡೂ ಯಂತ್ರಗಳ ನಡುವೆ ಓಡಾಡುತ್ತಿದ್ದದ್ದು ಚಿಕ್ಕ ಚಿಕ್ಕ ಸುದ್ದಿಗಳು ಮಾತ್ರ. ಈ ಬಟನ್ ಒತ್ತಿದ, ಆ ಶತ್ರು ಇಲ್ಲಿದ್ದಾನೆ, ಇಷ್ಟು. 240 ಅಡ್ಡ, 160 ಉದ್ದ ಚುಕ್ಕಿಗಳ ಚಿತ್ರವನ್ನು ಗೇಮ್‌ಬಾಯ್ ತಾನೇ ಬಿಡಿಸಿಕೊಳ್ಳುತ್ತಿತ್ತು. ಚಿತ್ರವನ್ನೇ ಕಳಿಸುವ ಗೋಜಿಲ್ಲ, ಹಾಗಾಗಿ ಚಿತ್ರ ತಡವಾಗುವ ಕಾಟವೂ ಇಲ್ಲ.

ಪೋರ್ಟಲ್ ಮಾಡುವುದು ಇದರ ಉಲ್ಟಾ. ಪಿಎಸ್5 ಪ್ರತಿ ಚಿತ್ರವನ್ನೂ ವಿಡಿಯೊ ಮಾಡಿ, ಕುಗ್ಗಿಸಿ, ರೂಟರ್‌ಗೆ ಕಳಿಸಬೇಕು. ಪೋರ್ಟಲ್ ಅದನ್ನು ಹಿಡಿದು, ಬಿಚ್ಚಿ, ತೋರಿಸಬೇಕು. ಸೆಕೆಂಡಿಗೆ 60 ಚಿತ್ರ ಅಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅದರಲ್ಲಿ ಎಲ್ಲಿ ಸ್ವಲ್ಪ ಎಡವಿದರೂ ಕೈಗೆ ಗೊತ್ತಾಗುತ್ತದೆ. ಇಂಟರ್‌ನೆಟ್ ವೇಗ ಕನಿಷ್ಠ 5 ಎಂಬಿಪಿಎಸ್ ಬೇಕು, 15 ಇದ್ದರೆ ಒಳ್ಳೇದು ಅಂತ ಸೋನಿ ಹೇಳುತ್ತದೆ. ಈ ಅಂಕಿ ಕೇಳಿದರೆ ಇಲ್ಲಿನ ಯಾವ ಫೈಬರ್ ಕನೆಕ್ಷನ್‌ಗೂ ಇದೇನು ಮಹಾ ಅನಿಸುತ್ತದೆ. ಆದರೆ ಮನೆಯೊಳಗೆ ಆಡುವಾಗ ತೊಂದರೆ ಬರುವುದು ಕನೆಕ್ಷನ್‌ನ ವೇಗದಿಂದಲ್ಲ, ಗೋಡೆಯಿಂದ. ರೂಟರ್ ಹಾಲ್‌ನಲ್ಲಿ ಬಾಗಿಲ ಮೇಲೆ ಕೂತಿರುತ್ತದೆ, ನಾವು ಇಟ್ಟಿಗೆ, ಕಾಂಕ್ರೀಟಿನ ಎರಡು ಗೋಡೆ ದಾಟಿ ರೂಮಿನಲ್ಲಿ ಕೂರುತ್ತೇವೆ. 5 ಗಿಗಾಹರ್ಟ್ಸ್ ವೈಫೈ ಅಷ್ಟು ದೂರಕ್ಕೆ ಸೊರಗುತ್ತದೆ. 2.4ಕ್ಕೆ ಇಳಿದರೆ ಅಪಾರ್ಟ್‌ಮೆಂಟಿನ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅಲ್ಲೇ ಜಮಾಯಿಸಿರುತ್ತದೆ. ಕರೆಂಟ್ ಹೋದರಂತೂ ಪೋರ್ಟಲ್‌ನಲ್ಲಿ ಬ್ಯಾಟರಿ ತುಂಬಿದ್ದರೂ ಪ್ರಯೋಜನವಿಲ್ಲ. ಕೊಳ್ಳುವ ಯೋಚನೆ ಇರುವವರು ಮೊದಲು ಫೋನಿಗೆ ಪಿಎಸ್ ರಿಮೋಟ್ ಪ್ಲೇ ಆ್ಯಪ್ ಹಾಕಿ, ತಾವು ಆಡಬೇಕೆಂದಿರುವ ಜಾಗದಲ್ಲೇ ಕೂತು ನೋಡಬೇಕು. ಆ್ಯಪ್ ಪುಕ್ಕಟೆ. ಫೋನಿನಲ್ಲಿ ಚಿತ್ರ ತಡವರಿಸಿದರೆ ಪೋರ್ಟಲ್‌ನಲ್ಲೂ ಅದೇ ಗೋಡೆ, ಅದೇ ರೂಟರ್ ಇರುತ್ತದೆ.

ಹಳೇ ಕೇಬಲ್ಲಿನ ಕಥೆಗೆ ಬರೋಣ. ಅದರ ಅತಿ ದೊಡ್ಡ ಪ್ರಯೋಗ ಫೈನಲ್ ಫ್ಯಾಂಟಸಿ ಕ್ರಿಸ್ಟಲ್ ಕ್ರಾನಿಕಲ್ಸ್. ಜಪಾನಿನಲ್ಲಿ 2003, ಅಮೆರಿಕದಲ್ಲಿ 2004ರ ಫೆಬ್ರವರಿ. ಇಲ್ಲಿ ಒಬ್ಬರಿಗಿಂತ ಹೆಚ್ಚು ಜನ ಆಡಬೇಕಾದರೆ ಪ್ರತಿಯೊಬ್ಬರ ಕೈಯಲ್ಲೂ ಗೇಮ್‌ಬಾಯ್ ಅಡ್ವಾನ್ಸ್ ಇರಲೇಬೇಕು. ಒಂದು ಗುಹೆಗೆ ನಾಲ್ವರು ಇಳಿದರೆ ಒಬ್ಬನ ಸ್ಕ್ರೀನಿನಲ್ಲಿ ನಕ್ಷೆ, ಇನ್ನೊಬ್ಬನದರಲ್ಲಿ ಶತ್ರುಗಳು ಎಲ್ಲಿದ್ದಾರೆ ಅನ್ನೋದು, ಮತ್ತೊಬ್ಬನದರಲ್ಲಿ ನಿಧಿ ಎಲ್ಲಿದೆ ಅನ್ನೋದು. ಎಲ್ಲವೂ ಗೊತ್ತಿರುವವರು ಯಾರೂ ಇಲ್ಲ. ಬಾಯಿ ಬಿಟ್ಟು ಹೇಳಿಕೊಳ್ಳದಿದ್ದರೆ ಮುಂದೆ ಹೋಗುವುದೇ ಕಷ್ಟ.

ಇದರ ಮೇಲೆ ಇನ್ನೊಂದು ಪದರ. ಪ್ರತಿಯೊಬ್ಬನ ಸ್ಕ್ರೀನಿನಲ್ಲೂ ಅವನಿಗೆ ಮಾತ್ರ ಕಾಣುವ ಒಂದು ಗುಪ್ತ ಗುರಿ ಇರುತ್ತದೆ. ಒಬ್ಬನಿಗೆ ಮಂತ್ರ ಬಳಸಬೇಡ ಅಂತ, ಇನ್ನೊಬ್ಬನಿಗೆ ಜಾಸ್ತಿ ಪೆಟ್ಟು ತಿನ್ನು ಅಂತ. ಗುಹೆ ಮುಗಿದ ಮೇಲೆ ಯಾರ ಅಂಕ ಜಾಸ್ತಿಯೋ ಅವನು ಸಿಕ್ಕ ವಸ್ತುಗಳಲ್ಲಿ ಮೊದಲು ಆರಿಸಿಕೊಳ್ಳುತ್ತಾನೆ. ಈಗ ಯೋಚನೆ ಮಾಡಿ. ನಿಮ್ಮ ಗೆಳೆಯ ಮಂತ್ರ ಹಾಕದೆ ಸುಮ್ನೆ ನಿಂತಿದ್ದಾನೆ. ಅವನಿಗೆ ಆಟ ಬರಲ್ವಾ, ಅಥವಾ ಅವನ ಗುರಿಯೇ ಅದಾ? ಒಟ್ಟಿಗೆ ಗೆಲ್ಲಬೇಕು, ಒಳಗೊಳಗೇ ಸ್ಪರ್ಧೆಯೂ ಇದೆ. ಈ ಅನುಮಾನ ಹುಟ್ಟಿದ್ದು ಆ 2.9 ಇಂಚಿನ ಸ್ಕ್ರೀನಿನಿಂದ. ನನ್ನ ಪ್ರಕಾರ ಎರಡು ಸ್ಕ್ರೀನ್ ಬಳಸಿದ ಆಟಗಳಲ್ಲಿ ಇಷ್ಟು ಆಳಕ್ಕೆ ಇಳಿದದ್ದು ಬೇರೆ ಇಲ್ಲ.

2004ರ ಜೆಲ್ಡಾ ಆಟ ಫೋರ್ ಸ್ವೋರ್ಡ್ಸ್ ಅಡ್ವೆಂಚರ್ಸ್ ಕೂಡ ಇದೇ ದಾರಿಯದು. ಹಸಿರು, ಕೆಂಪು, ನೀಲಿ, ನೇರಳೆ ಅಂಗಿಯ ನಾಲ್ಕು ಲಿಂಕ್‌ಗಳು (ಲಿಂಕ್ ಅನ್ನೋದು ಆಟದ ನಾಯಕನ ಹೆಸರು) ಟಿವಿಯಲ್ಲಿ ಓಡಾಡುತ್ತಾರೆ. ಒಬ್ಬ ಗುಹೆಗೋ ಮನೆಗೋ ಹೊಕ್ಕರೆ ಟಿವಿಯಿಂದ ಮಾಯವಾಗಿ ಅವನ ಗೇಮ್‌ಬಾಯ್‌ನಲ್ಲಿ ಪ್ರತ್ಯಕ್ಷ. ಒಳಗೆ ಅವನಿಗೆ ಏನು ಸಿಕ್ಕಿತು ಅಂತ ಹೊರಗಿದ್ದವರಿಗೆ ಅವನು ಹೇಳಿದರೆ ಉಂಟು.

ಹಾಗಾದರೆ ಇಷ್ಟು ಚೆನ್ನಾಗಿದ್ದದ್ದು ಯಾಕೆ ನಿಲ್ಲಲಿಲ್ಲ? ಮೊದಲ ಕಾರಣ ದುಡ್ಡು. 2004ರ ಆರಂಭದಲ್ಲಿ ಅಮೆರಿಕದಲ್ಲಿ ಗೇಮ್‌ಕ್ಯೂಬ್ ಬೆಲೆ 99.99 ಡಾಲರ್. ಗೇಮ್‌ಬಾಯ್ ಅಡ್ವಾನ್ಸ್‌ನ ಮಡಚುವ ಮಾದರಿ ಎಸ್‌ಪಿಯ ಬೆಲೆಯೂ ಅಷ್ಟೇ. ನಾಲ್ಕು ಜನಕ್ಕೆ ನಾಲ್ಕು ಹೊಸ ಎಸ್‌ಪಿ ತಂದರೆ ಕನ್ಸೋಲ್‌ನ ನಾಲ್ಕು ಪಟ್ಟು ಖರ್ಚು, ಮೇಲೆ ನಾಲ್ಕು ಕೇಬಲ್. ಎಲ್ಲರ ಹತ್ತಿರವೂ ಗೇಮ್‌ಬಾಯ್ ಇರುತ್ತದೆ ಅನ್ನೋದು ನಿಂಟೆಂಡೊದ ಲೆಕ್ಕ. ಗೇಮ್‌ಬಾಯ್ ಅಡ್ವಾನ್ಸ್ ಒಟ್ಟು 8 ಕೋಟಿ 15 ಲಕ್ಷ ಮಾರಾಟವಾಗಿತ್ತು, ಗೇಮ್‌ಕ್ಯೂಬ್ 2 ಕೋಟಿ 17 ಲಕ್ಷ. ಕಾಗದದ ಮೇಲೆ ಲೆಕ್ಕ ಸರಿಯೇ. ಆದರೆ ಗೇಮ್‌ಬಾಯ್ ಇರುವ ನಾಲ್ಕು ಜನ ಒಂದೇ ಸಂಜೆ, ಒಂದೇ ಮನೆಯಲ್ಲಿ, ಬ್ಯಾಟರಿ ಸಮೇತ ಸೇರಬೇಕಲ್ಲ. ಪ್ಯಾಕ್-ಮ್ಯಾನ್ ವರ್ಸಸ್ ಇಲ್ಲೇ ಗೆದ್ದದ್ದು. ಅದಕ್ಕೆ ಒಂದು ಗೇಮ್‌ಬಾಯ್, ಒಂದು ಕೇಬಲ್ ಸಾಕು.

ಎರಡನೇ ಕಾರಣ ಕಣ್ಣು. ಎಂಟು ಅಡಿ ದೂರದ ಟಿವಿ ನೋಡುತ್ತಿದ್ದವನು ಒಂದಡಿ ದೂರದ ಸ್ಕ್ರೀನಿಗೆ ತಲೆ ತಗ್ಗಿಸಿ ಮತ್ತೆ ಎತ್ತಬೇಕು. ಓಡುತ್ತಿರುವ ಕಾಳಗದ ಮಧ್ಯೆ ಇದು ಹಿಂಸೆ. ಕ್ರಿಸ್ಟಲ್ ಕ್ರಾನಿಕಲ್ಸ್‌ನಲ್ಲಿ ಆಯುಧ ಬದಲಿಸಲು ಗೇಮ್‌ಬಾಯ್ ನೋಡುತ್ತಿದ್ದರೆ ಟಿವಿಯಲ್ಲಿ ಆಟ ನಿಮಗಾಗಿ ಕಾಯುತ್ತಿರಲಿಲ್ಲ. ಮೊದಲ ಗೇಮ್‌ಬಾಯ್ ಅಡ್ವಾನ್ಸ್ ಸ್ಕ್ರೀನಿಗೆ ಒಳಗೆ ದೀಪವೂ ಇರಲಿಲ್ಲ. ಟಿವಿಗಾಗಿ ಲೈಟ್ ಆರಿಸಿದರೆ ಕೈಯಲ್ಲಿರುವುದು ಕಾಣದು. ಸೆಗಾ ಇದಕ್ಕೂ ಮುಂಚೆ, 1998ರಲ್ಲಿ, ತನ್ನ ಡ್ರೀಮ್‌ಕಾಸ್ಟ್ ಕನ್ಸೋಲ್‌ನ ಕಂಟ್ರೋಲರ್ ಒಳಗೇ ಕೂರುವ ವಿಎಂಯು ಅನ್ನುವ ಪುಟ್ಟ ಮೆಮೊರಿ ಯಂತ್ರ ಮಾಡಿತ್ತು. 48ಕ್ಕೆ 32 ಚುಕ್ಕಿಗಳ ಸ್ಕ್ರೀನ್. ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಎದುರಾಳಿಗೆ ಕಾಣದಂತೆ ತಂತ್ರ ಆರಿಸಿಕೊಳ್ಳಲು ಅದು ಹೇಳಿಮಾಡಿಸಿದ ಹಾಗಿತ್ತು. ಯಾಕೆಂದರೆ ತಂತ್ರ ಆರಿಸುವಾಗ ಆಟ ನಿಂತಿರುತ್ತದೆ, ತಲೆ ತಗ್ಗಿಸಲು ಪುರುಸೊತ್ತು ಇರುತ್ತದೆ. 2006ರ ಪೋಕೆಮಾನ್ ಬ್ಯಾಟಲ್ ರೆವಲ್ಯೂಷನ್‌ನಲ್ಲಿ ನಿಂಟೆಂಡೊ ಡಿಎಸ್ ಕೈಯಂತ್ರವನ್ನು ವೀ ಕನ್ಸೋಲ್‌ಗೆ ಕಂಟ್ರೋಲರ್ ಮಾಡಿಕೊಂಡದ್ದೂ ಇಂಥದ್ದೇ. ಸರದಿ ಪ್ರಕಾರ ಆಡುವ ಕಾಳಗ. ಯಾವ ಏಟು ಅಂತ ಡಿಎಸ್‌ನಲ್ಲಿ ಗುಟ್ಟಾಗಿ ಆರಿಸಿ, ಆಮೇಲೆ ತಲೆ ಎತ್ತಿ ಟಿವಿ ನೋಡಿದರಾಯಿತು.

ವೀ ಯು ಕನ್ಸೋಲ್‌ಗೆ ನಿಂಟೆಂಡೊ ಇನ್ನೊಂದು ದಾರಿ ಹುಡುಕಿತು. ಎರಡನೇ ಸ್ಕ್ರೀನನ್ನು ಆಟಗಾರ ತರೋದು ಬೇಡ, ಪೆಟ್ಟಿಗೆಯಲ್ಲೇ ಕೊಡೋಣ. 2012ರ ಗೇಮ್‌ಪ್ಯಾಡ್‌ನಲ್ಲಿ 6.2 ಇಂಚಿನ ಟಚ್ ಸ್ಕ್ರೀನ್ ಇತ್ತು. ಚಿತ್ರ ರೂಟರ್ ಮೂಲಕ ಬರದೆ ಕನ್ಸೋಲ್‌ನಿಂದ ನೇರ ಬರುತ್ತಿದ್ದರಿಂದ ತಡವಾಗುವುದು ತೀರಾ ಕಮ್ಮಿ. ಜೊತೆಗೆ ಬಂದ ನಿಂಟೆಂಡೊ ಲ್ಯಾಂಡ್ ಆಟದಲ್ಲಿ ಒಬ್ಬ ಗೇಮ್‌ಪ್ಯಾಡ್ ಹಿಡಿದು ಅಡಗುವುದು, ಉಳಿದವರು ಟಿವಿ ನೋಡುತ್ತ ಹುಡುಕುವುದು ತುಂಬಾ ಸೊಗಸಾಗಿತ್ತು. ಆದರೆ ಗೇಮ್‌ಪ್ಯಾಡ್ ಒಬ್ಬರಿಗೆ ಮಾತ್ರ. ಬಹುತೇಕ ಆಟಗಳು ಅದರಲ್ಲಿ ನಕ್ಷೆಯೊಂದನ್ನು ಹಾಕಿ ಕೈತೊಳೆದುಕೊಂಡವು. ವೀ ಯು 1 ಕೋಟಿ 36 ಲಕ್ಷಕ್ಕೆ ನಿಂತಿತು. 2014ರಲ್ಲಿ ಅದರ ಸ್ಮ್ಯಾಶ್ ಬ್ರದರ್ಸ್ ಆಟಕ್ಕೆ ನಿಂಟೆಂಡೊದ 3ಡಿಎಸ್ ಕೈಯಂತ್ರವನ್ನು ಕಂಟ್ರೋಲರ್ ಮಾಡಿಕೊಳ್ಳಬಹುದಿತ್ತು. ಆದರೆ ಮೊದಮೊದಲು ಸುಮ್ನೆ 3ಡಿಎಸ್ ಇದ್ದರೆ ಸಾಲುತ್ತಿರಲಿಲ್ಲ. ಅದರಲ್ಲೂ ಸ್ಮ್ಯಾಶ್ ಬ್ರದರ್ಸ್‌ನ 3ಡಿಎಸ್ ಪ್ರತಿ ಇರಬೇಕಿತ್ತು. ಬರೀ ಬಟನ್ ಒತ್ತಲು ಇನ್ನೊಂದು ಆಟದ ದುಡ್ಡು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಸೋನಿಯ ವೀಟಾ ಕೈಯಂತ್ರದಲ್ಲಿ ಪಿಎಸ್4 ಆಟಗಳನ್ನು ಆಡಬಹುದಿತ್ತು. ಆದರೆ ಅದಕ್ಕೆ ಪಿಎಸ್4 ಕಂಟ್ರೋಲರ್‌ನಲ್ಲಿರುವ ಎಲ್2, ಆರ್2 ಬಟನ್‌ಗಳೇ ಇರಲಿಲ್ಲ, ಹಿಂಬದಿಯ ಟಚ್‌ಪ್ಯಾಡನ್ನು ಬೆರಳಿನಿಂದ ಸವರಬೇಕಿತ್ತು.

ನನ್ನನ್ನು ಹೆಚ್ಚು ಕಾಡುವುದು ಈ ಆಟಗಳು ಉಳಿಯುತ್ತಿಲ್ಲ ಅನ್ನೋದು. ಸಾಮಾನ್ಯ ಆಟಕ್ಕೆ ಒಂದು ಕನ್ಸೋಲ್, ಒಂದು ಡಿಸ್ಕ್ ಉಳಿದರೆ ಸಾಕು. ಎರಡು ಸ್ಕ್ರೀನಿನ ಆಟಕ್ಕೆ ಇಡೀ ಸರಪಳಿ ಉಳಿಯಬೇಕು. ನಿಂಟೆಂಡೊ ಡಿಎಸ್‌ನಲ್ಲಿ ಗೇಮ್‌ಬಾಯ್ ಅಡ್ವಾನ್ಸ್ ಕಾರ್ಟ್ರಿಡ್ಜ್ ಓಡುತ್ತದೆ, ಲಿಂಕ್ ಪೋರ್ಟ್ ಇಲ್ಲ. ಗೇಮ್‌ಬಾಯ್ ಮೈಕ್ರೊಗೆ ಆ ಕೇಬಲ್ ಕೂರುವುದಿಲ್ಲ. ಮೊದಲ ವೀಯಲ್ಲಿ ಗೇಮ್‌ಕ್ಯೂಬ್ ಪೋರ್ಟ್‌ಗಳಿದ್ದವು, 2011ರ ಮಾದರಿಯಲ್ಲಿ ತೆಗೆದರು. ಜೆಲ್ಡಾದ ವಿಂಡ್ ವೇಕರ್‌ನಲ್ಲಿ ಟಿಂಗಲ್ ಟ್ಯೂನರ್ ಅಂತ ಒಂದಿತ್ತು. ಪಕ್ಕದಲ್ಲಿ ಕೂತವರು ಗೇಮ್‌ಬಾಯ್ ಹಿಡಿದು ಬಾಂಬ್ ಹಾಕಿ ಸಹಾಯ ಮಾಡಬಹುದಿತ್ತು. ದೊಡ್ಡವರ ಆಟದಲ್ಲಿ ಚಿಕ್ಕ ತಮ್ಮನಿಗೂ ಒಂದು ಪಾಲು. 2013ರ ಎಚ್‌ಡಿ ಆವೃತ್ತಿಯಲ್ಲಿ ಅದನ್ನು ತೆಗೆದು ನಿಂಟೆಂಡೊದ ಮೀವರ್ಸ್ ಅನ್ನುವ ಸಾಮಾಜಿಕ ಜಾಲಕ್ಕೆ ಸಂದೇಶ ಕಳಿಸುವ ಬಾಟಲಿ ಇಟ್ಟರು. 2017ರ ನವೆಂಬರ್‌ನಲ್ಲಿ ಮೀವರ್ಸ್ ಮುಚ್ಚಿತು, ಬಾಟಲಿಯೂ ಹೋಯಿತು. ಕ್ರಿಸ್ಟಲ್ ಕ್ರಾನಿಕಲ್ಸ್ 2020ರಲ್ಲಿ ಹೊಸದಾಗಿ ಬಂದಾಗ ಒಂದೇ ಮನೆಯಲ್ಲಿ ಕೂತು ಆಡುವ ದಾರಿಯನ್ನೇ ಕೈಬಿಟ್ಟು ಇಂಟರ್‌ನೆಟ್‌ಗೆ ಮಾತ್ರ ಬಿಟ್ಟರು.

ಈ ಸರಪಳಿಯನ್ನು ಕಾಪಾಡುವ ಕೆಲಸ ಕಂಪನಿಗಳಿಗಿಂತ ಹವ್ಯಾಸಿಗಳಿಂದಲೇ ಜಾಸ್ತಿ ಆಗಿದೆ. ಹಳೇ ಯಂತ್ರಗಳನ್ನು ಪಿಸಿಯಲ್ಲಿ ಅನುಕರಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಅನ್ನುತ್ತಾರೆ. ಗೇಮ್‌ಕ್ಯೂಬ್‌ನ ಡಾಲ್ಫಿನ್ ಎಮ್ಯುಲೇಟರ್ 2021ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್‌ನ ಎಂಜಿಬಿಎ ಎಮ್ಯುಲೇಟರನ್ನು ತನ್ನೊಳಗೇ ಸೇರಿಸಿಕೊಂಡಿತು. ಒಂದೇ ಪಿಸಿಯಲ್ಲಿ ಒಂದು ಗೇಮ್‌ಕ್ಯೂಬ್, ನಾಲ್ಕು ಗೇಮ್‌ಬಾಯ್ ಓಡುತ್ತವೆ. ಇದು ದೊಡ್ಡ ಸಾಧನೆ. ಆದರೆ ನಾಲ್ಕು ಗೇಮ್‌ಬಾಯ್‌ಗಳೂ ಒಂದೇ ಮಾನಿಟರ್ ಮೇಲೆ ನಾಲ್ಕು ಕಿಟಕಿಗಳಾಗಿ ತೆರೆದರೆ ಎಲ್ಲರ ಗುಟ್ಟೂ ಬಯಲು. ಬೇರೆ ಬೇರೆ ಪಿಸಿಯಿಂದ ಆಡಿದಾಗಲೇ ಅವರವರದು ಅವರವರಿಗೆ.

ಇನ್ನು ಫೋನ್. ಎಲ್ಲರ ಕೈಯಲ್ಲೂ ಇರುವ ಯಂತ್ರ ಈಗ ಅದೇ ತಾನೇ? ನಿಂಟೆಂಡೊ ಸ್ವಿಚ್ ಆಗಲಿ ಸ್ಟೀಮ್ ಡೆಕ್ ಆಗಲಿ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದಿಲ್ಲ. ಆಮದು ಮಾಡಿದವರ ಹತ್ತಿರ ಕೊಳ್ಳಬೇಕು, ಹಾಗಾಗಿ ನಾಲ್ಕು ಗೆಳೆಯರ ಹತ್ತಿರ ನಾಲ್ಕು ಸ್ವಿಚ್ ಇರುವ ಮನೆ ಇಲ್ಲಿ ಅಪರೂಪ. ನಾಲ್ಕು ಫೋನ್ ಇಲ್ಲದ ಮನೆ ಅದಕ್ಕಿಂತ ಅಪರೂಪ. ಫೋನನ್ನು ಕನ್ಸೋಲ್‌ಗೆ ಜೋಡಿಸಲು ಮೈಕ್ರೋಸಾಫ್ಟ್ 2012ರಲ್ಲಿ ಸ್ಮಾರ್ಟ್‌ಗ್ಲಾಸ್ ಅಂತ ತಂದಿತು, ಸೋನಿ 2017ರಲ್ಲಿ ಪ್ಲೇಲಿಂಕ್ ಅಂತ ತಂದಿತು. ಎರಡಕ್ಕೂ ಆ್ಯಪ್ ಬೇಕಿತ್ತು. ಆಡುವ ಮುಂಚೆಯೇ ಎಲ್ಲರೂ ಆ್ಯಪ್ ಇಳಿಸಿಕೊಂಡು ಕೂರಬೇಕು ಅಂದರೆ ಅರ್ಧ ಜನ ಎದ್ದು ಹೋಗುತ್ತಾರೆ. 2014ರಲ್ಲಿ ಬಂದ ಜ್ಯಾಕ್‌ಬಾಕ್ಸ್ ಪಾರ್ಟಿ ಪ್ಯಾಕ್ ಈ ಗೋಳನ್ನೇ ತಪ್ಪಿಸಿತು. ಟಿವಿಯಲ್ಲಿ ನಾಲ್ಕು ಅಕ್ಷರದ ಕೋಡ್ ಬರುತ್ತದೆ. ಫೋನಿನ ಬ್ರೌಸರ್‌ನಲ್ಲಿ ಅದನ್ನು ಹಾಕಿದರೆ ಫೋನೇ ಕಂಟ್ರೋಲರ್. ಅದರ ಒಂದು ಆಟದಲ್ಲಿ ಪ್ರಶ್ನೆಗೆ ಫೋನಿನಲ್ಲಿ ಗುಟ್ಟಾಗಿ ಒಂದು ಸುಳ್ಳು ಉತ್ತರ ಬರೆಯುತ್ತೀರಿ, ಎಲ್ಲರ ಸುಳ್ಳೂ ಒಂದು ನಿಜವೂ ಟಿವಿಯಲ್ಲಿ ಸಾಲಾಗಿ ಬರುತ್ತವೆ, ನಿಜ ಯಾವುದು ಅಂತ ಹುಡುಕಬೇಕು. ಗೇಮ್‌ಬಾಯ್ ಕೇಬಲ್ ಮಾಡಿದ್ದೂ ಇದನ್ನೇ. ಒಂದು ಪುಟ್ಟ ಪ್ರೋಗ್ರಾಮ್ ಕೈಗೆ ಬರುತ್ತದೆ, ಆಮೇಲೆ ಚಿಕ್ಕ ಸುದ್ದಿಗಳು ಮಾತ್ರ ಓಡಾಡುತ್ತವೆ. ವಿಡಿಯೊ ಕಳಿಸುವುದಿಲ್ಲ, ಹಾಗಾಗಿ ಸಾಧಾರಣ ವೈಫೈ ಸಾಕು, ಹಳೇ ಫೋನ್ ಸಾಕು.

ಫೋನಿಗೆ ಬಟನ್ ಇಲ್ಲ, ನಿಜ. ಗಾಜು ನೋಡದೆ ಹೆಬ್ಬೆರಳಿನಿಂದ ಜಿಗಿಯುವುದು, ಗುರಿ ಇಡುವುದು ಆಗದು. ಚುರುಕಿನ ಆಟಗಳಿಗೆ ಸ್ವಿಚ್, ಸ್ಟೀಮ್ ಡೆಕ್‌ನಂಥ ಯಂತ್ರಗಳೇ ಬೇಕು. ಗೇಮ್‌ಶೇರ್ ಬಗ್ಗೆ ನನಗೆ ಆಸೆ ಇರುವುದೂ ಅದಕ್ಕೇ. ಆಟ ಒಬ್ಬರ ಹತ್ತಿರ ಇದ್ದರೆ ಸಾಕು, ಉಳಿದವರು ಕೊಳ್ಳಬೇಕಿಲ್ಲ. ದುಡ್ಡಿನ ಗಂಟು ಅಲ್ಲಿ ಅರ್ಧ ಬಿಚ್ಚಿತು. ಇನ್ನು ಪ್ರತಿಯೊಬ್ಬರ ಕೈಗೂ ಬೇರೆ ಬೇರೆ ಚಿತ್ರ ಕಳಿಸುವ ಆಟಗಳನ್ನು ಬರೆಯಬೇಕು. ಒಂದೇ ಯಂತ್ರ ನಾಲ್ಕು ನೋಟಗಳನ್ನು ಬಿಡಿಸಬೇಕಾದ್ದರಿಂದ ಚಿತ್ರದ ಸೊಬಗನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಬಿಟ್ಟುಕೊಟ್ಟರೆ ನಷ್ಟವಿಲ್ಲ. ಪ್ಯಾಕ್-ಮ್ಯಾನ್‌ಗೆ ಬೇಕಿದ್ದದ್ದು ಒಂದು ಚಕ್ರವ್ಯೂಹದ ಗೆರೆಚಿತ್ರ ಮಾತ್ರ.

ನಮ್ಮ ಕಡೆಯ ಸಣ್ಣ ತಂಡಗಳು ಇದಕ್ಕೆ ಯಾವ ಕಂಪನಿಯ ಅಪ್ಪಣೆಗೂ ಕಾಯಬೇಕಾಗಿಲ್ಲ. ‘ಇಪ್ಪತ್ತೆಂಟು’ ಅನ್ನುವ ಇಸ್ಪೀಟಾಟವನ್ನೇ ತೆಗೆದುಕೊಳ್ಳಿ. 32 ಎಲೆ, ನಾಲ್ಕು ಜನ, ಎದುರುಬದುರು ಕೂತವರು ಜೊತೆಗಾರರು. ಟಿವಿಯಲ್ಲಿ ಕೆಳಗಿಟ್ಟ ಎಲೆಗಳು ಮತ್ತು ಯಾರು ಎಷ್ಟಕ್ಕೆ ಕೂಗಿದರು ಅನ್ನೋದು. ಫೋನಿನಲ್ಲಿ ಅವರವರ ಕೈ. ತುರುಪು ಯಾವುದು ಅಂತ ಇಟ್ಟವನ ಫೋನಿನಲ್ಲಿ ಮಾತ್ರ, ಯಾರಾದರೂ ಕೇಳುವ ತನಕ. ಬೇಕಾಗುವುದು ಕನ್ನಡದಲ್ಲಿ ಒಂದು ವೆಬ್ ಪುಟ, ಒಂದು ಪುಟ್ಟ ಸರ್ವರ್, ಟಿವಿಯಲ್ಲೊಂದು ಬ್ರೌಸರ್. ಬಟನ್ ಬೇಡ, ಚುರುಕು ಬೇಡ, ತಲೆ ತಗ್ಗಿಸಿ ಎಲೆ ನೋಡಲು ಬೇಕಾದಷ್ಟು ಸಮಯ ಇದೆ, ಮತ್ತು ಕದ್ದು ನೋಡಲು ಜೊತೆಗಾರನಿಗೂ ದಾರಿಯಿಲ್ಲ.